ಕೊಡಪಾನ ತುಂಬಿದರೆ ಸ್ವರ ಏರುತ್ತದೆ, ಜಲತರಂಗದಲ್ಲಿ ಇಳಿಯುವುದೇಕೆ?

ಬದಿಯಡ್ಕದ ಓದುಗರೊಬ್ಬರ ಪ್ರಶ್ನೆ: ನವರಾತ್ರಿಗೆ ನಮ್ಮ ದೇವಸ್ಥಾನದಲ್ಲಿ, ನೀರು ಹಾಕಿದ ಪಿಂಗಾಣಿ ಬಟ್ಟಲುಗಳನ್ನು ತಟ್ಟಿ ನುಡಿಸುವ ಜಲತರಂಗದ ಕಚೇರಿ ಇತ್ತು. ಕಲಾವಿದರು ಬಟ್ಟಲಿಗೆ ನೀರು ಹಾಕಿದಾಗಲೆಲ್ಲ ಸ್ವರ ತಗ್ಗುತ್ತಿತ್ತು. ಮನೆಯಲ್ಲಿ ನಳ್ಳಿಯಡಿ ಇಟ್ಟ ಕೊಡಪಾನ ತುಂಬುತ್ತಾ ಬಂದ ಹಾಗೆ ಸದ್ದು ಏರುತ್ತದಲ್ಲ? ಇದು ಹೇಗೆ?

ನಿಮ್ಮ ಕಿವಿ ಎರಡೂ ಕಡೆ ಸರಿಯಾಗಿಯೇ ಕೇಳಿಸಿಕೊಂಡಿದೆ. ಕೊಡಪಾನದಲ್ಲಿ ಕೇಳುವುದು ನೀರಿನ ಮೇಲೆ ಉಳಿದ ಗಾಳಿಯ ಸ್ವರ. ನೀರು ಏರಿದಂತೆ ಗಾಳಿಯ ಜಾಗ ಗಿಡ್ಡವಾಗುತ್ತದೆ, ಸದ್ದು ಸಣ್ಣಗೆ ಮೇಲೇರುತ್ತದೆ. ಅಡುಗೆಮನೆಯಲ್ಲಿದ್ದುಕೊಂಡೇ ಅಮ್ಮ "ತುಂಬಿತು, ನಳ್ಳಿ ನಿಲ್ಲಿಸು" ಎಂದು ಕೂಗುವುದು ಅದನ್ನು ಕೇಳಿಯೇ.

ಜಲತರಂಗದ ಬಿದಿರು ಕಡ್ಡಿ ಬೀಳುವುದು ಪಿಂಗಾಣಿಯ ಅಂಚಿಗೆ. ಅಲ್ಲಿ ನಡುಗುವುದು ಬಟ್ಟಲಿನ ಗೋಡೆ. ನೀರು ಹೊಯ್ದರೆ ಗೋಡೆ ಆ ನೀರನ್ನೂ ಅಲುಗಿಸಬೇಕು. ಭಾರ ಹೆಚ್ಚಿತು, ನಡುಕ ನಿಧಾನವಾಯಿತು, ಸ್ವರ ಇಳಿಯಿತು. ಮೃದಂಗದ ಎಡಬದಿಗೆ ರವೆ ಕಲಸಿ ಮೆತ್ತುವುದನ್ನು ನೋಡಿದ್ದೀರಲ್ಲ, ಅಲ್ಲಿ ಸದ್ದು ತಗ್ಗುವುದೂ ಭಾರದಿಂದಲೇ.

ಬಟ್ಟಲಿನ ತಳದಲ್ಲಿರುವ ನೀರು ಸ್ವರವನ್ನು ಹೆಚ್ಚು ಬದಲಿಸುವುದಿಲ್ಲ. ತುಂಬಾ ನಡುಗುವುದು ಅಂಚು. ನೀರು ಅದರ ಹತ್ತಿರ ಬಂದಾಗ ಒಂದೊಂದು ಚಮಚವೂ ಲೆಕ್ಕಕ್ಕೆ ಬರುತ್ತದೆ. ಕುಂಬಳೆಯ ಹತ್ತಿರ ನಾನು ಕೇಳಿದ ಕಚೇರಿಯಲ್ಲಿ ಶಂಕರಾಭರಣ ಮುಗಿಸಿ ಕಲ್ಯಾಣಿಗೆ ಹೋಗುವಾಗ ಕಲಾವಿದರು ಮಧ್ಯಮದ, ಅಂದರೆ 'ಮ' ಸ್ವರದ, ಬಟ್ಟಲುಗಳಿಂದ ಮಾತ್ರ ಚಮಚದಲ್ಲಿ ನೀರು ತೆಗೆದರು. ಎರಡು ರಾಗಗಳಿಗೂ ವ್ಯತ್ಯಾಸ ಅದೊಂದೇ ಸ್ವರದಲ್ಲಿ: ಶುದ್ಧ ಮಧ್ಯಮ ಪ್ರತಿ ಮಧ್ಯಮವಾಗಬೇಕು, ಅಂದರೆ ಏರಬೇಕು. ತೆಗೆದರು, ತಟ್ಟಿದರು, ತಲೆಯಾಡಿಸಿದರು, ಎರಡು ಹನಿ ಮತ್ತೆ ಬಿಟ್ಟರು. ರಾಗದ ಲಕ್ಷಣ ಹೀಗೆ ಕಣ್ಣಿಗೇ ಕಾಣುವ ವಾದ್ಯ ಇನ್ನೊಂದಿದೆಯೆಂದು ನನಗನಿಸುವುದಿಲ್ಲ.

ಅಂದು ಸೆಕೆ ವಿಪರೀತ. ಆದರೂ ವೇದಿಕೆಯ ಫ್ಯಾನ್ ನಿಲ್ಲಿಸಿದ್ದರು. ಗಾಳಿಗೆ ನೀರು ಆರಿದರೆ ಶ್ರುತಿ ಮೆಲ್ಲಗೆ ಏರುತ್ತದೆ. ಜನ ಬೀಸಣಿಗೆಯಂತೆ ಆಮಂತ್ರಣ ಪತ್ರಿಕೆ ಬೀಸಿಕೊಳ್ಳುತ್ತಾ ಕುಳಿತರು, ಯಾರೂ ಎದ್ದು ಹೋಗಲಿಲ್ಲ.

ಈ ವಾದ್ಯದ ಕಷ್ಟ ಗಮಕ, ಅಂದರೆ ಸ್ವರವನ್ನು ಬಾಗಿಸಿ ಅಲುಗಿಸುವುದು. ಸ್ವರ ಹುಟ್ಟಿದ ಕ್ಷಣದಿಂದಲೇ ಆರತೊಡಗುತ್ತದೆ, ಪಿಟೀಲಿನಂತೆ ಎಳೆಯಲಾಗದು. ತಟ್ಟಿದ ಕೂಡಲೇ ನೀರನ್ನು ಹಗುರವಾಗಿ ಮುಟ್ಟಿ, ಉಳಿದ ನಾದವನ್ನು ಬಾಗಿಸಬೇಕು. ವೇಗದ ಸ್ವರಗಳಿಗೆ ಚಪ್ಪಾಳೆ ಸಿಗುತ್ತದೆ, ಸರಿ. ಆದರೆ ನೀವು ನಿಧಾನದ ಆಲಾಪನೆಗೆ ಕಿವಿಗೊಡಿ, ಕಲಾವಿದರ ಸಾಧನೆ ತಿಳಿಯುವುದು ಅಲ್ಲೇ. ತಮಿಳುನಾಡಿನ ಆನಯಂಪಟ್ಟಿ ಗಣೇಶನ್ ಮತ್ತು ಸೀತಾ ದೊರೈಸ್ವಾಮಿ (1926–2013) ಕರ್ನಾಟಕ ಸಂಗೀತದಲ್ಲಿ ಈ ವಾದ್ಯವನ್ನು ಉಳಿಸಿಕೊಂಡು ಬಂದವರು. 64 ಕಲೆಗಳ ಹಳೆಯ ಪಟ್ಟಿಯಲ್ಲಿ 'ಉದಕವಾದ್ಯ' ಎಂಬ ಹೆಸರೂ ಇದೆ.

ಮುಂದಿನ ಸಲ ಅರ್ಧ ಗಂಟೆ ಮೊದಲೇ ಹೋಗಿ, ಮಕ್ಕಳನ್ನೂ ಕರೆದುಕೊಂಡು ಮುಂದೆ ಕುಳಿತುಕೊಳ್ಳಿ. ಶ್ರುತಿ ಕೂಡಿಸುವುದನ್ನು ನೋಡದೆ ಬಂದರೆ ಅರ್ಧ ಕಚೇರಿ ತಪ್ಪಿದಂತೆ.

ಮನೆಯಲ್ಲೇ ಪರೀಕ್ಷಿಸಲು ಒಂದು ಗಾಜಿನ ಬಾಟಲಿ ಸಾಕು. ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ ಚಮಚದಿಂದ ತಟ್ಟಿ: ಸ್ವರ ಇಳಿಯುತ್ತದೆ. ಅದೇ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದುತ್ತಾ ನೀರು ಹೆಚ್ಚಿಸಿ: ಏರುತ್ತದೆ.