ಹಾಲು ‘ಖರಾಬು’ ಆಯಿತು ಅಂದರೆ ಅರಬ್ಬರಿಗೆ ಅರ್ಥವಾಗುತ್ತದೆಯೇ?

ಪ್ರಶ್ನೆ: ‘ಖರಾಬು’ ಅರಬ್ಬಿಯಿಂದ ಬಂದ ಪದವಂತೆ. ಅಲ್ಲಿ ಕೆಡುವುದು, ಕೊಳೆಯುವುದು ಎಲ್ಲಕ್ಕೂ ಇದೇ ಧಾತುವಾ?

ಇಲ್ಲ. ಕೆಟ್ಟಿರುವುದು ಏನು ಅನ್ನುವುದನ್ನು ನೋಡಿಕೊಂಡು ಅರಬ್ಬಿ ಬೇರೆ ಬೇರೆ ಧಾತು ಹಿಡಿಯುತ್ತದೆ. ಧಾತು ಅಂದರೆ ಸಾಮಾನ್ಯವಾಗಿ ಮೂರು ವ್ಯಂಜನ. ಅವುಗಳ ನಡುವೆ ಸ್ವರ ಬದಲಿಸಿ, ಹಿಂದೆ ಮುಂದೆ ಒಂದಿಷ್ಟು ಸೇರಿಸಿ ಪದ ಕಟ್ಟುತ್ತಾರೆ.

ಖ-ರ-ಬ ಧಾತುವಿಗೆ ಕೊಳೆಯುವುದಕ್ಕಿಂತ ಹಾಳುಬೀಳುವುದರ ನಂಟು ಜಾಸ್ತಿ. ಜನ ಬಿಟ್ಟುಹೋದ ಊರು, ಕುಸಿದ ಮನೆ, ಪಾಳುಬಿದ್ದ ನೆಲ ಇದರ ಪಾಲು. ಇದರ ಎದುರು ಪದ ‘ಉಮ್ರಾನ್’, ಅಂದರೆ ಜನ ನೆಲೆಸಿ ಬೆಳೆಸಿದ್ದು. ನಮ್ಮ ‘ಇಮಾರತು’ ಆ ಧಾತುವಿನದೇ. ಅನ್ಯಾಯ ಹೆಚ್ಚಾದರೆ ಉಮ್ರಾನ್ ಖರಾಬಿಗೆ ಇಳಿಯುತ್ತದೆ ಎಂದು 14ನೇ ಶತಮಾನದ ಚರಿತ್ರೆಕಾರ ಇಬ್ನ್ ಖಲ್ದೂನ್ ವಾದಿಸಿದ್ದ. ಹಾಗಾಗಿ ಪಹಣಿಯಲ್ಲಿ ಸಾಗುವಳಿಗೆ ಬಾರದ ಜಮೀನನ್ನು ‘ಖರಾಬು’ ಎಂದು ಬರೆಯುತ್ತಾರಲ್ಲ, ಮೂಲ ಅರ್ಥಕ್ಕೆ ಅದೇ ಹತ್ತಿರ. ಕನ್ನಡದ ‘ಹಾಳು’ ಕೂಡ ಹೀಗೇ ಅಲ್ವಾ? ಹಾಳೂರಿಗೂ ಆಗುತ್ತದೆ, ಹಾಳಾದ ಹಾಲಿಗೂ ಆಗುತ್ತದೆ.

ಇನ್ನು ಗಲ್ಫ್‌ನ ಆಡುಮಾತಿನಲ್ಲಿ ಕೆಟ್ಟುನಿಂತ ಎಸಿ, ಕಾರು ಎಲ್ಲವೂ ‘ಖರ್ಬಾನ್’. ಅಲ್ಲಿ ದುಡಿಯುವ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬರಹದ ಅರಬ್ಬಿಯಲ್ಲಿ ಹಾಲು, ಮಾಂಸ ಕೆಟ್ಟರೆ ಫ-ಸ-ದ. ಇದರಿಂದ ಬಂದ ‘ಫಸಾದ್’ ಇವತ್ತಿನ ಅರಬ್ಬಿ ಪತ್ರಿಕೆಗಳಲ್ಲಿ ಭ್ರಷ್ಟಾಚಾರ. ಉರ್ದುವಿಗೆ ಬಂದಾಗ ಗಲಭೆಯೂ ಆಯಿತು. ರೊಟ್ಟಿಗೆ ಹಿಡಿಯುವ ಬೂಷ್ಟು ‘ಅಫನ್’. ಹಾಕಿ ಹಾಕಿ ಸವೆದ ಬಟ್ಟೆ ‘ಬಾಲಿ’.

ಹಲ್ಲಿನದು ಮಜವಾಗಿದೆ. ‘ಸೂಸ್’ ಅಂದರೆ ಕಾಳಿಗೆ ಬೀಳುವ ಹುಳ. ಹಲ್ಲು ಕೆಡುವುದಕ್ಕೆ ಅದೇ ಧಾತುವಿನ ‘ತಸವ್ವುಸ್’. ನಾವೂ ‘ಹುಳುಕು ಹಲ್ಲು’ ಅನ್ನುತ್ತೇವೆ. ಹಲ್ಲಿನಲ್ಲಿ ಹುಳ ಇರುವುದಿಲ್ಲ, ಬ್ಯಾಕ್ಟೀರಿಯಾದ ಆಮ್ಲದ ಕೆಲಸ ಅದು. ಆದರೂ ಎರಡು ಕಡೆಯೂ ಕಣ್ಣಿಗೆ ಕಂಡದ್ದು ತೂತುಬಿದ್ದ ಕಾಳೇ!

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರ-ಮ-ಮ. ‘ರಮೀಮ್’ ಅಂದರೆ ಪುಡಿಯಾಗುವಷ್ಟು ಜೀರ್ಣವಾದ ಮೂಳೆ. ಇಂಥ ಮೂಳೆಗೆ ಯಾರು ಜೀವ ಕೊಡುತ್ತಾರೆ ಎಂಬ ಪ್ರಶ್ನೆ ಕುರ್‌ಆನ್‌ನ 36ನೇ ಅಧ್ಯಾಯದಲ್ಲಿ ಬರುತ್ತದೆ. ಅದೇ ಮೂರು ವ್ಯಂಜನದಿಂದ ‘ತರ್ಮೀಮ್’ ಕೂಡ ಹುಟ್ಟಿದೆ. ಅದರ ಅರ್ಥ ದುರಸ್ತಿ! ಹಳೇ ಮಸೀದಿ, ಕೋಟೆ, ಹಸ್ತಪ್ರತಿಗಳನ್ನು ಸರಿಪಡಿಸುವ ಕೆಲಸಕ್ಕೆ ಅರಬ್ ದೇಶಗಳಲ್ಲಿ ಇದೇ ಹೆಸರು. ನಮ್ಮ ‘ಜೀರ್ಣೋದ್ಧಾರ’ದ ಒಳಗೂ ಜೀರ್ಣ ಕೂತಿದೆ ನೋಡಿ. ಉರ್ದುವಿನಲ್ಲಂತೂ ಕಾನೂನಿನ ತಿದ್ದುಪಡಿಗೂ ‘ತರ್ಮೀಮ್’ ಅಂತಲೇ ಹೇಳುತ್ತಾರೆ.