ನೀರು ತುಂಬಿದ ಪೀಟ್ ನೆಲದಲ್ಲಿ ರೇಡಾರ್ ಕೆಲಸ ಮಾಡುತ್ತದೆಯೇ?

ಪ್ರಶ್ನೆ: ಒದ್ದೆ ನೆಲದೊಳಗೆ ರೇಡಾರ್ ಅಲೆ ಇಳಿಯುವುದಿಲ್ಲ ಎಂದು ಕೇಳಿದ್ದೇನೆ. ಪೀಟ್ ಅಂದರೆ ಅರೆಕೊಳೆತ ಪಾಚಿ, ಬೇರು, ಎಲೆಗಳ ರಾಶಿ; ಅದರಲ್ಲಿ ಬಹುಪಾಲು ನೀರೇ ಅಲ್ವಾ? ಹಾಗಿದ್ದರೆ ಅದರ ಆಳವನ್ನು ರೇಡಾರ್ ಹೇಗೆ ಅಳೆಯುತ್ತದೆ?

ಉತ್ತರ: ಈ ರೇಡಾರ್ ನೆಲದೊಳಗೆ ರೇಡಿಯೋ ಅಲೆ ಕಳಿಸಿ, ತಿರುಗಿ ಬರುವ ಅಲೆಯನ್ನು ಹಿಡಿಯುತ್ತದೆ. ಆ ಅಲೆಯನ್ನು ಮುಖ್ಯವಾಗಿ ನುಂಗುವುದು ನೀರಲ್ಲ, ನೀರಿನಲ್ಲಿ ಕರಗಿರುವ ಉಪ್ಪು. ಉಪ್ಪುನೀರು ಮತ್ತು ಜೇಡಿಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಅಲ್ಲಿ ಅಲೆಯ ಶಕ್ತಿ ಬೇಗ ಸೋರಿಹೋಗುತ್ತದೆ. ಬರೀ ಮಳೆನೀರಿನಿಂದ ಬೆಳೆದ ಪೀಟ್ ನೆಲದಲ್ಲಿ ಖನಿಜ ತೀರಾ ಕಡಿಮೆ. ಹಾಗಾಗಿ 100 ಮೆಗಾಹರ್ಟ್ಸ್ ಆಸುಪಾಸಿನ ಆಂಟೆನಾ ಹಲವು ಮೀಟರ್ ಆಳದವರೆಗೂ ನೋಡಬಲ್ಲದು. ಆದರೆ ಸಮುದ್ರದ ನೀರು ನುಗ್ಗುವ ಪೀಟ್‌ನಲ್ಲಿ ಈ ಉಪಕರಣ ಸೋಲುತ್ತದೆ.

ಇನ್ನೂ ಚೆಂದದ ಸಂಗತಿಯೆಂದರೆ, ಇಲ್ಲಿ ನೀರೇ ನೆರವಿಗೆ ಬರುತ್ತದೆ. ಪೀಟ್‌ನಲ್ಲಿ ಸುಮಾರು ಶೇ 90ರಷ್ಟು ನೀರು. ಕೆಳಗಿನ ಮರಳಿನಲ್ಲೋ ಜೇಡಿಯಲ್ಲೋ ಅದರ ಅರ್ಧ ಸಿಕ್ಕರೆ ಜಾಸ್ತಿ. ನೀರಿನ ಪ್ರಮಾಣ ಹಠಾತ್ತನೆ ಇಳಿಯುವ ಆ ಗಡಿಗೆ ಅಲೆ ಬಡಿದು ವಾಪಸ್ ಬರುತ್ತದೆ. ಉಪಕರಣವನ್ನು ಎಳೆಯುತ್ತಾ ಸಾಗಿದರೆ ಪೀಟ್‌ನ ತಳ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ.

ಆದರೆ ಒಂದು ಮಾತು ನೆನಪಿರಲಿ. ರೇಡಾರ್ ಅಳೆಯುವುದು ಆಳವನ್ನಲ್ಲ, ಸಮಯವನ್ನು. ಗಾಳಿಯಲ್ಲಿ ನ್ಯಾನೋಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗೆ) 30 ಸೆಂ.ಮೀ. ಓಡುವ ಅಲೆ ಒದ್ದೆ ಪೀಟ್‌ನಲ್ಲಿ 3.5ರಿಂದ 4 ಸೆಂ.ಮೀ. ಮಾತ್ರ ಸಾಗುತ್ತದೆ. ಹೋಗಿಬರಲು 200 ನ್ಯಾನೋಸೆಕೆಂಡ್, ಅಂದರೆ ಕೆಳಗಿಳಿಯಲು 100 ಹಿಡಿಯಿತು ಅಂದುಕೊಳ್ಳಿ. ವೇಗ 3.5 ಎಂದರೆ ಆಳ 3.5 ಮೀಟರ್, 4 ಎಂದರೆ 4 ಮೀಟರ್. ಪೀಟ್ ವರ್ಷಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಅಂದರೆ ಆ ಅರ್ಧ ಮೀಟರ್ ಹೆಚ್ಚುಕಡಿಮೆ 500 ವರ್ಷಗಳ ಬೆಳವಣಿಗೆ! ಅದರಲ್ಲಿ ಅಡಗಿರುವ ಇಂಗಾಲದ ಲೆಕ್ಕವೂ ಅಷ್ಟೇ ತಪ್ಪುತ್ತದೆ. ಜಗತ್ತಿನ ನೆಲದಲ್ಲಿ ಶೇ 3ರಷ್ಟಿರುವ ಪೀಟ್, ಒಟ್ಟು ಮಣ್ಣಿನಲ್ಲಿರುವ ಇಂಗಾಲದ ಸುಮಾರು ಮೂರನೇ ಒಂದು ಪಾಲನ್ನು ಹಿಡಿದಿಟ್ಟಿದೆ. ಅದಕ್ಕೇ ಈ ತಪ್ಪನ್ನು ಸಣ್ಣದೆಂದು ಬಿಡುವ ಹಾಗಿಲ್ಲ.

ಆದ್ದರಿಂದ ಕೆಲವು ಜಾಗಗಳಲ್ಲಿ ಉಕ್ಕಿನ ಸಲಾಕೆ ಇಳಿಸಿ, ನಿಜವಾದ ಆಳ ನೋಡಿ, ವೇಗವನ್ನು ಸರಿಹೊಂದಿಸುತ್ತಾರೆ. ಸಲಾಕೆಯೂ ಮೋಸ ಮಾಡುತ್ತದೆ. ಹೂತ ಮರದ ಬೊಡ್ಡೆಗೆ ತಗುಲಿ ಮೊದಲೇ ನಿಲ್ಲಬಹುದು, ಮೆತ್ತನೆಯ ಜೇಡಿಯಾದರೆ ತಳ ದಾಟಿ ಇಳಿಯಬಹುದು. ಎರಡನ್ನೂ ಜೊತೆಗಿಟ್ಟು ನೋಡಿದರಷ್ಟೇ ನಂಬಿಕೆ ಬರುತ್ತದೆ. ಹಳೆಯ ಕೆರೆಯ ಮೇಲೆ ಬೆಳೆದ ಪೀಟ್ ಆದರೆ ಇವೆರಡೂ ಸಾಲದು. ಅಲ್ಲಿ ಕೆಳಗಿಳಿದಂತೆ ಪೀಟ್ ಸ್ವಲ್ಪಸ್ವಲ್ಪವಾಗಿ ಕೆರೆಯ ಹೂಳಿಗೆ ಜಾಗ ಬಿಡುವುದರಿಂದ ಗೆರೆ ಮಸುಕಾಗುತ್ತದೆ. ಕೊರೆದು, ಮಣ್ಣನ್ನು ಹೊರತೆಗೆದು, ಕಣ್ಣಾರೆ ನೋಡಲೇಬೇಕು.