ಕರಿ ಅಂಗಿಯ ಮೇಲೆ ಬಿಳಿ ಗೆರೆ

ಏಪ್ರಿಲ್‌ನಲ್ಲಿ ಒಂದು ದಿನ ಅಳಿಯನ ಜೊತೆ ಸೈಕಲ್ ಹತ್ತಿ ವಿಜಯಪುರದಿಂದ ಬಬಲೇಶ್ವರದ ಕಡೆ ಹೊರಟೆ. 20 ಕಿ.ಮೀ. ಹೋಗಿ ತಿರುಗಿ ಬರಲು ಎರಡು ತಾಸು ಹಿಡಿಯಿತು. ಬಿಸಿಲು ಚುರ್ ಅನ್ನುತ್ತಿತ್ತು. "ನೀರು ಕುಡೀಪಾ" ಅಂದರೆ, "ಬೆವರಽ ಬಂದಿಲ್ಲ ಬಿಡ್ರಿ ಮಾಮಾ" ಅಂದ.

ಮನೆ ಮುಂದೆ ಇಳಿದಾಗ ಅವನ ಕರಿ ಅಂಗಿಯ ಬೆನ್ನ ಮೇಲೆ ಬಿಳಿ ಗೆರೆಗಳು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಥೇಟ್ ಸವಳು ಹಿಡಿದ ಹೊಲ. ಹೊಲದಲ್ಲಾಗಲಿ ಅಂಗಿಯಲ್ಲಾಗಲಿ ನಡೆಯುವುದು ಒಂದೇ: ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ.

ಬೆವರು ಬಂದಿತ್ತು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಇಲ್ಲಿಯ ಒಣ ಹವೆ, ಅದರ ಮೇಲೆ ಸೈಕಲ್ ಓಟದ ಗಾಳಿ ಸೇರಿ ಅದನ್ನು ಚರ್ಮದ ಮೇಲೇ ಆರಿಸಿಬಿಟ್ಟಿದ್ದವು. ಹಾಗೆ ಒಂದು ಲೀಟರ್ ಬೆವರು ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಸುಮ್ನೆ ದಂಡ. ಜುಲೈ ಮಳೆಯಲ್ಲಿ ಬೆಳಗಾವಿಯ ಜಿಮ್‌ನಲ್ಲಿ ಟವೆಲ್ ಹಿಂಡುವಷ್ಟು ಬೆವರಿದರೂ ಮೈ ತಣ್ಣಗಾಗುವುದಿಲ್ಲ, ಅಲ್ವಾ? ಅದಕ್ಕೆ ಇದೇ ಕಾರಣ.

ಹೋದದ್ದೆಷ್ಟು ಅಂತ ತಕ್ಕಡಿ ಹೇಳುತ್ತದೆ. ಹೊರಡುವಾಗ ಅವನು 68 ಕೆ.ಜಿ. ಇದ್ದ. ಬಂದ ಮೇಲೆ ಮೈ ಒರೆಸಿ ನಿಲ್ಲಿಸಿದರೆ 66.6. ನಡುವೆ ನನ್ನ ಕಾಟಕ್ಕೆ ಅರ್ಧ ಲೀಟರ್ ಕುಡಿದಿದ್ದ. ಅಂದರೆ ಹತ್ತಿರ ಹತ್ತಿರ 1.9 ಲೀಟರ್ ಬೆವರು! ಮೈತೂಕದಲ್ಲಿ ನೂರಕ್ಕೆ 2ರಷ್ಟು ನೀರು ಕಮ್ಮಿಯಾದರೆ ರಕ್ತದ ಪ್ರಮಾಣವೂ ಇಳಿದು ಎದೆಬಡಿತ ಏರುತ್ತದೆ, ಕಾಲು ಸೋಲುತ್ತವೆ. ಕೊನೆಯ ಏರಿನಲ್ಲಿ ಅವನು ನನ್ನಂಥವನಿಗಿಂತ ಹಿಂದೆ ಬಿದ್ದದ್ದು ಅದಕ್ಕೇ ಇರಬೇಕು.

ಹಾಗಂತ ಬಾಟಲಿ ಮೇಲೆ ಬಾಟಲಿ ಏರಿಸುವುದೂ ಬೇಡ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಕಮ್ಮಿ ಇತ್ತು. ಓಡುತ್ತಲೇ ಕುಡಿದು ಕುಡಿದು ತೂಕ ಏರಿಸಿಕೊಂಡವರಿಗೇ ಈ ತೊಂದರೆ ಜಾಸ್ತಿ. ಇದು ಅತಿಯಾದರೆ ಮೆದುಳು ಬಾತು ಜೀವಕ್ಕೇ ಕುತ್ತು.

ಅರ್ಧ ತಾಸಿನ ವಾಕಿಂಗ್‌ಗೆ ಬಣ್ಣದ ಸ್ಪೋರ್ಟ್ಸ್ ಡ್ರಿಂಕ್ ಬಾಟಲಿ ಬೇಕಿಲ್ಲ, ಬಾಯಾರಿದಾಗ ನೀರು ಸಾಕು. ತಾಸುಗಟ್ಟಲೆ ಬೆವರಿದರೆ ಮಾತ್ರ ಉಪ್ಪಿನ ಲೆಕ್ಕ ಬರುತ್ತದೆ. ಒಬ್ಬೊಬ್ಬರದು ಒಂದೊಂದು ಥರ, ಆದರೂ ಲೀಟರ್ ಬೆವರಿಗೆ ಸುಮಾರು ಅರ್ಧ ಚಮಚ ಉಪ್ಪು ಹೋಗುತ್ತದೆ. ಬಿಪಿ ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಅಷ್ಟರಲ್ಲಿ ಅಕ್ಕ ತಂಬಿಗೆ ತುಂಬ ಮಜ್ಜಿಗೆ ತಂದಳು. ಅಳಿಯ ಒಂದು ಗುಟುಕು ಕುಡಿದು ಮುಂದೆ ಚಾಚಿದ: "ಯವ್ವಾ, ಇನ್ನೊಂದ್ ಚೂರು ಉಪ್ಪು ಹಾಕ."